ಸಿಗರೇಟು ಬಿಟ್ಟವನ ಫ್ಲೆಕ್ಸು

ಈ ಭಾನುವಾರ ಬೆಳಿಗ್ಗೆ ಕರಿಬೇವು ತರಲು ಹೋದವನು ಸಂಜಯನಗರದ ಬಸ್ ನಿಲ್ದಾಣದ ಹತ್ತಿರ ನನ್ನ ಮುಖವನ್ನೇ ಕಂಡೆ. ತಲೆಕೆಳಗಾಗಿತ್ತು. ಸೊಪ್ಪು ಮಾರುವ ಲಕ್ಷ್ಮಮ್ಮ ಜಿಟಿಜಿಟಿ ಮಳೆಗೆ ಸೊಪ್ಪು ಕೊಳೆಯದಿರಲೆಂದು ತಮ್ಮ ತಳ್ಳುಗಾಡಿಗೆ ಒಂದು ಹಳೆಯ ಫ್ಲೆಕ್ಸು ಹೊದಿಸಿದ್ದರು. ಅದರ ಒಂದು ಮೂಲೆಯಲ್ಲಿ, ದಂಟಿನ ಸೊಪ್ಪಿನ ಮೇಲೆ, ನಾಲ್ಕು ವರ್ಷ ಹಿಂದಿನ ನಾನು ನೇತಾಡುತ್ತಿದ್ದೆ. ಬಣ್ಣ ಮಾಸಿತ್ತು. ಒಂದು ಕಣ್ಣಿದ್ದ ಜಾಗದಲ್ಲಿ ತೂತು ಮಾಡಿ ಹಗ್ಗ ಕಟ್ಟಿದ್ದರು. ಆದರೂ ನಾನೇ, ಅನುಮಾನವಿರಲಿಲ್ಲ.

"ಏನ್ ಸಾರ್, ಅಂಗ್ ನೋಡ್ತಿದೀರಾ? ಕೊತ್ತಂಬ್ರಿ ಚೆನ್ನಾಗೈತೆ, ತಗಳಿ," ಎಂದರು ಲಕ್ಷ್ಮಮ್ಮ. ನಾನು ಫ್ಲೆಕ್ಸಿನ ಕಡೆ ಬೆರಳು ತೋರಿಸಿದೆ. ಅವರು ಬಗ್ಗಿ ಅದನ್ನು ನೋಡಿದರು, ಎದ್ದು ನನ್ನನ್ನು ನೋಡಿದರು. ಎರಡಕ್ಕೂ ಸಂಬಂಧ ಕಾಣಲಿಲ್ಲವೇನೋ, "ಯಾರೋ ತೀರ್ಕಂಡೋರಿರ್ಬೇಕು ಬುಡಿ ಸಾರ್," ಎಂದು ಕರಿಬೇವಿನ ಕಂತೆ ಕೈಗಿಟ್ಟರು.

ತೀರಿಕೊಂಡಿದ್ದಕ್ಕೆ ಹಾಕಿದ ಫ್ಲೆಕ್ಸಲ್ಲ ಅದು. ನಾನು ಸಿಗರೇಟು ಬಿಟ್ಟದ್ದಕ್ಕೆ ಹಾಕಿದ್ದು. ನಮ್ಮ ಕಡೆ ಫ್ಲೆಕ್ಸಿಗೆ ಕಾರಣ ಬೇಕೆಂದೇನಿಲ್ಲ ಎಂಬುದು ನಿಮಗೂ ಗೊತ್ತು. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹಾಕುತ್ತಾರೆ, ಮಾಲೆ ಧರಿಸಿ ಯಾತ್ರೆಗೆ ಹೊರಟರೆ ಹಾಕುತ್ತಾರೆ, ಸಂಘಕ್ಕೆ ಸಹಕಾರ್ಯದರ್ಶಿಯಾದರೆ ರಸ್ತೆಯ ಎರಡು ಬದಿಗೂ ಹಾಕುತ್ತಾರೆ. ಹಾಕಬಾರದು ಎಂಬ ನಿಯಮವಿದೆ, ಹಾಕುವ ಪದ್ಧತಿಯೂ ಇದೆ, ಎರಡೂ ಒಂದಕ್ಕೊಂದು ಅಡ್ಡ ಬಾರದೆ ಸುಖವಾಗಿವೆ. ಆದರೆ ಒಬ್ಬ ಸಾಮಾನ್ಯ ಗ್ರಂಥಾಲಯ ಸಹಾಯಕ ಸಿಗರೇಟು ಬಿಟ್ಟನೆಂದು ಫ್ಲೆಕ್ಸು ಕಟ್ಟಿದ್ದು ಇಡೀ ಉತ್ತರ ಬೆಂಗಳೂರಿನಲ್ಲಿ ಅದೊಂದೇ ಇರಬೇಕು. ಬಿಟ್ಟ ಹೊಸತರಲ್ಲಿ ನನಗೆ ಸಿಕ್ಕ ಬೆಂಬಲ ಅಂಥದ್ದು. ಹೇಳುತ್ತೇನೆ, ಕೇಳಿ.

ನಾನು ಮತ್ತಿಕೆರೆಯ ಒಂದು ಖಾಸಗಿ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವ, ವಾಪಸು ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂರುವವನು. ಗದಗದ ಕಡೆಯಿಂದ ಬಂದು ಇಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದಾಗ ಹತ್ತಿದ ಚಟ, ಮದುವೆಯಾಗಿ ಸಂಜಯನಗರದಲ್ಲಿ ಮನೆ ಮಾಡಿದರೂ ಜೊತೆಗೇ ಬಂತು. ನಡುವೆ ಅನೇಕ ಸಲ ಬಿಟ್ಟಿದ್ದೇನೆ. ಬಿಡುವುದರಲ್ಲಿ ನನ್ನಷ್ಟು ಅನುಭವ ಇರುವವರು ಕಡಿಮೆ.

ಮನೆಯಿಂದ ಕಾಲೇಜಿಗೆ ನಡೆದೇ ಹೋಗುತ್ತಿದ್ದೆ. ಒಂದು ಮಳೆಗಾಲದ ಕೊನೆಯಲ್ಲಿ, ಅರ್ಧ ದಾರಿಗೆ ಬರುವಷ್ಟರಲ್ಲಿ ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಎರಡು ನಿಮಿಷ ನಿಂತರೆ ಸರಿಹೋಗುತ್ತಿತ್ತು, ಮತ್ತೆ ನಡೆದರೆ ಮತ್ತೆ ಹಿಡಿಯುತ್ತಿತ್ತು. ಬೀದಿಯಲ್ಲಿ ಸುಮ್ಮನೆ ನಿಂತರೆ ಜನ ಏನಾಯಿತೆಂದು ಕೇಳುತ್ತಾರಲ್ಲ, ಅದಕ್ಕಾಗಿ ಎದುರಿಗಿದ್ದ ಅಂಗಡಿಯ ಗಾಜಿನೊಳಗೆ ಏನನ್ನೋ ನೋಡುವವನಂತೆ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಕಾಲು ಹಿಡಿಯುವ ಜಾಗ ಕಾಲಿಗೆ ಬಿಟ್ಟದ್ದು, ನಾನು ಆರಿಸಿದ್ದಲ್ಲ. ಅದು ಹೆಂಗಸರ ನೈಟಿ ಅಂಗಡಿಯ ಎದುರೇ ಹಿಡಿಯುತ್ತಿತ್ತು. ಒಂದು ತಿಂಗಳು ದಿನಕ್ಕೆರಡು ಸಲ ನೈಟಿಗಳನ್ನು ನೋಡುತ್ತ ನಿಂತೆ. ಸುದ್ದಿ ನನ್ನ ಹೆಂಡತಿ ಗಿರಿಜೆಯನ್ನು ತಲುಪಿತು.

"ಆ ನೈಟಿ ಅಂಗಡಿ ಮುಂದ ನಿಂತು ದಿನಾ ಏನ್ ನೋಡ್ತೀರಂತ್ರಿ?" ಎಂದಳು ಒಂದು ಸಂಜೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ಕಾಲು ಹಿಡೀತೈತಿ," ಎಂದೆ.

"ನೈಟಿ ನೋಡಿದ್ರ ಬಿಡ್ತೈತೇನು?"

ಮರುದಿನವೇ ಆರ್.ಟಿ. ನಗರದ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಕಾಲಿನ ನಾಡಿ ಹಿಡಿದು ನೋಡಿ, ದಿನಕ್ಕೆಷ್ಟು ಸಿಗರೇಟು ಎಂದು ಕೇಳಿದರು. ನಾಲ್ಕೈದು ಎಂದೆ. "ಇಪ್ಪತ್ರೀ ಡಾಕ್ಟರ್," ಎಂದಳು ಗಿರಿಜೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ಕಾಲಿಗೆ ರಕ್ತ ಹೋಗೋ ದಾರಿ ಮುಚ್ಕೊಳ್ತಾ ಇದೆ. ಸಿಗರೇಟು ನಿಲ್ಲಿಸಿ, ಮಾತ್ರೆ ತಗೊಳ್ಳಿ, ದಿನಾ ನಡೀರಿ. ಸೇದ್ತಾ ಇದ್ರೆ ಮುಂದೆ ಕಾಲು ತೆಗೀಬೇಕಾಗುತ್ತೆ. ಹೆದರಿಸ್ಬೇಕು ಅಂತ ಹೇಳ್ತಿಲ್ಲ ನಾನು," ಎಂದರು. ನನಗೆ ನಿಜವಾಗಿಯೂ ಭಯವಾಯಿತು. ಆಟೋದಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಚಪ್ಪಲಿಯೊಳಗಿನ ನನ್ನ ಎಡಪಾದವನ್ನೇ ನೋಡುತ್ತಿದ್ದೆ. ಐವತ್ತರ ಹತ್ತಿರದ ಗಂಡಸು ತನ್ನ ಹೆಬ್ಬೆರಳನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲಿರಬೇಕು. ಗಿರಿಜೆ ಇಡೀ ದಾರಿ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆಯಿಂದಲೇ ಬಿಟ್ಟೆ. ಮರುದಿನದಿಂದ ಪ್ರೋತ್ಸಾಹ ಶುರುವಾಯಿತು.

ಮೊದಲನೆಯದು ಮನೆಯದು. ನಾನು ಕೆಲಸದಿಂದ ಬಂದು ಎರಡನೆಯ ಮಹಡಿಯ ಮೆಟ್ಟಿಲು ಹತ್ತಿ ನಿಂತರೆ, ಬಾಗಿಲು ಅರ್ಧ ತೆರೆದು ಗಿರಿಜೆ ಕೇಳುತ್ತಿದ್ದಳು: "ಬಾಯಿ ತಗೀರಿ. ಹಾ ಅನ್ರಿ." ಹೊಸ್ತಿಲ ಹೊರಗೇ ನಿಂತು ಹಾ ಎನ್ನಬೇಕು. ಪರೀಕ್ಷೆ ಪಾಸಾದರೆ ಒಳಗೆ. ಅಂಗಿಯ ತೋಳು, ಬೆರಳ ಸಂದಿ, ಒಮ್ಮೊಮ್ಮೆ ಮೀಸೆ. ಇದೆಲ್ಲ ಬೀದಿಗೆ ಕಾಣುವ ತೆರೆದ ಮೆಟ್ಟಿಲಲ್ಲಿ. ಮೇಲಿನ ಮಹಡಿಗೆ ಹೋಗುವವರು ಪಕ್ಕಕ್ಕೆ ಸರಿದು, ಗೌರವದಿಂದ ಕಾದು, ಫಲಿತಾಂಶ ತಿಳಿದುಕೊಂಡೇ ಮೇಲೇರುತ್ತಿದ್ದರು.

ಎರಡನೆಯದು ಲೈಬ್ರರಿಯಲ್ಲಿ ನನ್ನ ಪಕ್ಕದ ಕುರ್ಚಿಯ ಶಿವಸ್ವಾಮಿಯದು. ಆತ ಹತ್ತು ವರ್ಷದ ಹಿಂದೆ ಸಿಗರೇಟು ಬಿಟ್ಟವನು. ಬಿಟ್ಟವರಲ್ಲಿ ಒಂದು ಜಾತಿಯಿದೆ, ಬಿಟ್ಟದ್ದನ್ನು ಮಾತ್ರ ಎಂದೂ ಬಿಡುವುದಿಲ್ಲ. "ನಾನ್ ಬಿಟ್ಟಿದ್ದು ಹೇಗೆ ಗೊತ್ತಾ ಸಾರ್? ಒಂದಿನ ಬೆಳಿಗ್ಗೆ ಎದ್ದೆ. ಬೇಡ ಅನ್ನಿಸ್ತು. ಬಿಟ್ಟೆ. ಅಷ್ಟೇ! ವಿಲ್ ಪವರ್ ಇರ್ಬೇಕು ಸಾರ್," ಎಂದು ದಿನಕ್ಕೆ ಮೂರು ಸಲ ಹೇಳುತ್ತಿದ್ದ. ಅವನಿಗೆ ಚಟವೇ ಇರಲಿಲ್ಲವೆಂದು ನನ್ನ ಅನುಮಾನ. ಐದನೆಯ ದಿನ ಆತ "ವಿಲ್" ಎಂದು ಶುರುಮಾಡುತ್ತಿದ್ದಂತೆ ಕೈಯಲ್ಲಿದ್ದ ದಪ್ಪ ನಿಘಂಟನ್ನು ಮೇಜಿನ ಮೇಲೆ ಎಸೆದೆ. ಓದುವ ಕೋಣೆಯಲ್ಲಿ ಮಲಗಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಎದ್ದು ಕೂತರು. ಆ ಲೈಬ್ರರಿಯಲ್ಲಿ ಅಷ್ಟು ಜನ ಏಕಕಾಲಕ್ಕೆ ಎಚ್ಚರವಾಗಿದ್ದದ್ದನ್ನು ನಾನು ಬೇರೆ ಯಾವಾಗಲೂ ಕಂಡಿಲ್ಲ.

ಸಿಟ್ಟು ಹಾಗೆ ಬರುತ್ತಿತ್ತು. ಏಲಕ್ಕಿ ಅಗಿದೆ, ಲವಂಗ ಅಗಿದೆ, ಸೋಂಪು ಅಗಿದೆ, ಬಾಯಿ ಹಬ್ಬದಡುಗೆಯ ಪಾತ್ರೆಯಾಯಿತು, ಬೇಕೆನ್ನುವುದು ಮಾತ್ರ ಹೋಗಲಿಲ್ಲ. ಬೆಳಿಗ್ಗೆ ಹನ್ನೊಂದು ಮತ್ತು ಸಂಜೆ ನಾಲ್ಕು, ಈ ಎರಡು ಹೊತ್ತು ಕೈಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಕೈಗೊಂದು ಕೆಲಸವಿತ್ತು, ಈಗ ಅದನ್ನು ಮನೆಗೆ ಕಳಿಸಿದಂತಾಗಿತ್ತು. ಟೀ ಕುಡಿದರೆ ಅರ್ಧ ಕುಡಿದಂತೆ ಅನ್ನಿಸುತ್ತಿತ್ತು. ಇದನ್ನೆಲ್ಲ ಯಾರಿಗಾದರೂ ಹೇಳೋಣವೆಂದರೆ, ಕೇಳುವ ಮೊದಲೇ "ಸೂಪರ್ ಸಾರ್, ಕಂಗ್ರಾಟ್ಸ್" ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು.

ಮೂರನೆಯವರು ನಮ್ಮ ಮನೆಯ ಓನರ್ ಮುನೇಗೌಡರು. ಎದುರು ಮನೆಯಲ್ಲೇ ಇರುತ್ತಾರೆ. ಒಂದು ಕಾಲಕ್ಕೆ ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಗೌಡರು ನಾಲ್ಕು ಕಟ್ಟಡ ಬೆಳೆದಿದ್ದಾರೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ಚುನಾವಣೆ ನಡೆದರೆ ಕಾರ್ಪೊರೇಟರ್ ಆಗುವುದೆಂದು ನಿರ್ಧರಿಸಿ ಕೂತಿದ್ದವರು, ಚುನಾವಣೆ ನಡೆಯಲಿಲ್ಲ, ಬಟ್ಟೆ ಮಾತ್ರ ಹಾಗೇ ಉಳಿಯಿತು. ಹಳ್ಳಿಯ ಮಾತು ಬಿಟ್ಟಿಲ್ಲ, ಅವರ ಬಾಯಲ್ಲಿ ಹಕಾರಕ್ಕೆ ಜಾಗವಿಲ್ಲ. ಒಂದು ಸಂಜೆ ಗೇಟಿನ ಹತ್ತಿರ ತಡೆದು ಕೇಳಿದರು.

"ಸಾ, ದಿನಾ ಬಾಗ್ಲಲ್ಲಿ ಬಾಯ್ ತಗ್ದು ನಿಂತ್ಕತೀರಲ್ಲ, ಅಲ್ಲುನೋವಾ?"

"ಹಲ್ಲು ಚೆನ್ನಾಗಿದೆ ಗೌಡ್ರೇ. ಸಿಗರೇಟು ಬಿಟ್ಟಿದೀನಿ, ಅದಕ್ಕೆ ಚೆಕಿಂಗು."

ಗೌಡರು ನನ್ನ ಕೈ ಹಿಡಿದುಕೊಂಡರು. "ಎಷ್ಟ್ ದಿನ ಆಯ್ತು ಸಾ?"

"ಹನ್ನೆರಡು."

"ಅನ್ನೆರಡು ದಿನ!" ಎಂದರು. ಕೈ ಬಿಡಲಿಲ್ಲ. "ಒಂದೂ ಇಲ್ವಾ? ಅರ್ದಾನೂ ಇಲ್ವಾ?" ಒಂದೂ ಇಲ್ಲ ಎಂದೆ. ಕೈ ಕುಲುಕುತ್ತಲೇ ಇದ್ದರು. ಮತ ಕೇಳುವವರ ಅಭ್ಯಾಸ ಎಂದುಕೊಂಡು ನಾನೇ ಮೆಲ್ಲಗೆ ಕೈ ಬಿಡಿಸಿಕೊಂಡೆ.

ಮೂರು ದಿನದ ಮೇಲೆ ಬೆಳಿಗ್ಗೆ ಹಾಲು ತರಲು ಇಳಿದರೆ, ನಮ್ಮ ಓಣಿಯ ಲೈಟುಕಂಬಕ್ಕೂ ಹೊಂಗೆಮರಕ್ಕೂ ನಡುವೆ ಫ್ಲೆಕ್ಸು. ಮೇಲ್ಗಡೆ ಸಾಲಾಗಿ ನಾಯಕರ ತಲೆಗಳು. ನಡುವೆ ಆಳೆತ್ತರದ ಮುನೇಗೌಡರು, ಕೈ ಮುಗಿದು. ಅವರ ಸುತ್ತ ಗೆಳೆಯರ ಬಳಗ, ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ಮಾತಾಡುತ್ತಿದ್ದಾರೆ. ಕೆಳಗಿನ ಮೂಲೆಯಲ್ಲಿ ಊಟದ ತಟ್ಟೆಯಷ್ಟಗಲ ನಾನು. "ಧೂಮಪಾನ ತ್ಯಜಿಸಿ ಯುವಜನತೆಗೆ ಮಾದರಿಯಾದ ನಮ್ಮ ಬಡಾವಣೆಯ ಹೆಮ್ಮೆಯ ಪ್ರೊಫೆಸರ್ ಅವರಿಗೆ ಹೃತ್ಪೂರ್ವಕ ಅಭಿನಂದನೆಗಳು." ಒಂದೇ ಬೆಳಗಿಗೆ ಸಿಗರೇಟು ಬಿಟ್ಟದ್ದೂ ಆಯಿತು, ಬಡ್ತಿಯೂ ಆಯಿತು.

ಫೋಟೋದ ಕತೆ ಬೇರೆ. ಗೌಡರ ಮಗಳ ಮದುವೆಯಲ್ಲಿ, ಛತ್ರದ ಹಿಂಭಾಗದಲ್ಲಿ ಯಾರೋ ತೆಗೆದ ಚಿತ್ರ ಅದು. ಆಗ ನಾನು ಸೇದುತ್ತಿದ್ದೆ. ಫ್ಲೆಕ್ಸ್ ಅಂಗಡಿಯವನು ಬುದ್ಧಿವಂತ, ಕಂಪ್ಯೂಟರಿನಲ್ಲಿ ಸಿಗರೇಟನ್ನು ನೀಟಾಗಿ ಅಳಿಸಿದ್ದ. ಬೆರಳುಗಳನ್ನು ಅಳಿಸಿರಲಿಲ್ಲ. ಹೀಗಾಗಿ ನಾನು ಎರಡು ಬೆರಳನ್ನು ತುಟಿಗಿಟ್ಟು, ತುಟಿ ಮುಂದೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಇಡೀ ಸಂಜಯನಗರಕ್ಕೆ ಮುತ್ತು ತೂರುತ್ತಿದ್ದೆ.

ಗಿರಿಜೆ ಸೆರಗು ಸಿಕ್ಕಿಸಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತಳು. "ಯಾರಿಗ್ರಿ ಮುತ್ತು ಕೊಡಾಕತ್ತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ನನಗೆ ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಫ್ಲೆಕ್ಸು ಕಟ್ಟುವವರು ಮುಖ್ಯರಸ್ತೆಯಲ್ಲಿ, ಸಿಗ್ನಲ್ಲಿನ ಹತ್ತಿರ, ನಾಲ್ಕು ಜನ ನೋಡುವಲ್ಲಿ ಕಟ್ಟುತ್ತಾರೆ. ಗೌಡರು ಅದನ್ನು ತಮ್ಮ ಗೇಟಿನ ಎದುರಿಗೇ ಕಟ್ಟಿಸಿದ್ದರು. ಆ ಓಣಿಯ ತುದಿ ಮುಚ್ಚಿದೆ, ಅಲ್ಲಿ ಓಡಾಡುವುದು ಅವರ ಮನೆಯವರು, ಅವರ ಬಾಡಿಗೆದಾರರು, ಹಸುಗಳು. ಪ್ರಚಾರದ ಬುದ್ಧಿ ಇಷ್ಟು ಕಡಿಮೆ ಇರುವವರು ಹೇಗೆ ಗೆಲ್ಲುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕೆ.

ಆದರೂ ಸುದ್ದಿಗೆ ಓಣಿಯ ತುದಿ ಅಡ್ಡ ಬರುವುದಿಲ್ಲ. ಬಾಡಿಗೆದಾರರೊಬ್ಬರು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ನಾನು ಕಾಂಡಿಮೆಂಟ್ಸ್ ಅಂಗಡಿಗೆ ಬಾಳೆಹಣ್ಣಿಗೆ ಹೋದರೂ ಅಂಗಡಿಯವನು ಸಿಗರೇಟಿನ ಪ್ಯಾಕುಗಳ ಮೇಲೆ ಪೇಪರು ಮುಚ್ಚುತ್ತಿದ್ದ. "ತಪ್ಪು ತಿಳ್ಕೋಬೇಡಿ ಸಾರ್, ನಿಮಗೆ ಕೊಟ್ರೆ ಗೌಡ್ರು ನನ್ ಮೇಲೆ ಬರ್ತಾರೆ." ಮತ್ತಿಕೆರೆಯಲ್ಲಿ ಕಾಲೇಜಿನ ಎದುರು ಟೀ ಅಂಗಡಿಯಲ್ಲಿ ಸೇದುತ್ತ ನಿಂತ ವಿದ್ಯಾರ್ಥಿಗಳು, "ಮಗಾ, ಫ್ಲೆಕ್ಸ್ ಸಾರ್ ಬಂದ್ರು ಕಣೋ," ಎಂದು ಹೊಗೆಯ ಒಳಗಿಂದಲೇ ನಮಸ್ಕಾರ ಮಾಡುತ್ತಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ನವೆಂಬರ್ ತಿಂಗಳು, ಬಡಾವಣೆಯ ಸಂಘದ ರಾಜ್ಯೋತ್ಸವ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದ ಹುಡುಗಿ, ನಿವೃತ್ತರಾದ ಬಸ್ ಚಾಲಕರು, ಮತ್ತು ನಾನು, ಮೂವರಿಗೆ ಸನ್ಮಾನ. ಹುಡುಗಿ ಓದಿದ್ದಳು, ಚಾಲಕರು ಮೂವತ್ತು ವರ್ಷ ಬಸ್ಸು ಓಡಿಸಿದ್ದರು, ನಾನು ಇಪ್ಪತ್ತು ದಿನ ಏನನ್ನೋ ಮಾಡದೆ ಇದ್ದೆ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಫಲಕ. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ನಿರೂಪಕ ನನ್ನನ್ನು ವ್ಯಸನಮುಕ್ತ ಸಮಾಜದ ಹರಿಕಾರ ಎಂದು ಕರೆದ. ನಾನೂ ಮೈಕು ಹಿಡಿದು, ಮನಸ್ಸು ಮಾಡಿದರೆ ಯಾವುದೂ ಕಷ್ಟವಲ್ಲ, ನನಗೀಗ ಅದರ ನೆನಪೂ ಬರುವುದಿಲ್ಲ ಎಂದು ಹೇಳಿದೆ. ಹೇಳುವಾಗಲೇ ವೇದಿಕೆಯ ಹಿಂದಿನಿಂದ ತೇಲಿಬಂದ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಚಪ್ಪಾಳೆ ಜೋರಾಗಿ ಬಿತ್ತು.

ಇಳಿದು ವೇದಿಕೆಯ ಹಿಂದೆ ಹೋದರೆ ಸಂಘದ ಅಧ್ಯಕ್ಷರು ಸಿಗರೇಟು ಹಚ್ಚಿಕೊಂಡು ನಿಂತಿದ್ದರು. "ಏನ್ ಸ್ಪೀಚು ಗುರುಗಳೇ, ಕಣ್ಣಲ್ಲಿ ನೀರು ಬಂತು," ಎನ್ನುತ್ತ ಪ್ಯಾಕು ತೆಗೆದು ನನ್ನ ಕಡೆ ಚಾಚಿದರು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಸಾರಿ ಸಾರಿ, ಅಭ್ಯಾಸ," ಎಂದು ಜೇಬಿಗಿಟ್ಟರು. ಮುನೇಗೌಡರು ಮಾತ್ರ ಎಲ್ಲೂ ಕಾಣಲಿಲ್ಲ. ಊಟದ ವ್ಯವಸ್ಥೆ ನೋಡಲು ಹೋಗಿದ್ದಾರೆ ಎಂದರು ಯಾರೋ.

ಇನ್ನು ಇದರ ನಂತರದ್ದು ಕೇಳಿ. ಸನ್ಮಾನವಾದವನನ್ನು ನಮ್ಮ ಜನ ಮುಗಿದುಹೋದವನೆಂದೇ ತಿಳಿಯುತ್ತಾರೆ. ಮರುದಿನದಿಂದ ಬಾಗಿಲ ಪರೀಕ್ಷೆ ನಿಂತಿತು. "ಇನ್ನೇನ್ರಿ, ಫಲಕಾನ ಕೊಟ್ಟಾರಲ್ಲ," ಎಂದಳು ಗಿರಿಜೆ. ಶಿವಸ್ವಾಮಿ ಸಕ್ಕರೆ ಬಿಡಲು ಹೊರಟಿದ್ದ ಅಕೌಂಟ್ಸ್ ವಿಭಾಗದ ಒಬ್ಬರ ಹಿಂದೆ ಬಿದ್ದ. ಬೆನ್ನು ತಟ್ಟುತ್ತಿದ್ದವರು ದಾರಿಯಲ್ಲಿ ಸಿಕ್ಕರೆ ಬರೀ ತಲೆಯಾಡಿಸಿ ಹೋಗತೊಡಗಿದರು. ಎಲ್ಲರ ಪಾಲಿಗೂ ನಾನು ಸಿಗರೇಟು ಬಿಟ್ಟಾಗಿತ್ತು. ನನಗೆ ಮಾತ್ರ ಇನ್ನೂ ಪ್ರತಿದಿನ, ದಿನಕ್ಕೆ ಇಪ್ಪತ್ತು ಸಲ, ಹೊಸದಾಗಿ ಬಿಡಬೇಕಾಗಿತ್ತು. ಹೀಯಾಳಿಸಿದ್ದೇನೆ ನಿಜ, ಆದರೆ ಆ ಹೊಸ್ತಿಲ ಹೊರಗಿನ ಹಾ ಎನ್ನುವುದು ನಿಂತಾಗ ನಾನು ಒಂಟಿಯಾದೆ.

ಒಂದು ಶನಿವಾರ, ಮಧ್ಯಾಹ್ನಕ್ಕೇ ಲೈಬ್ರರಿ ಮುಚ್ಚಿತು. ಸೇದಲೇಬೇಕು ಅನ್ನಿಸಿತು. ಕಾಲಿನ ನೆನಪು ಬಂತು, ಡಾಕ್ಟರ ಮಾತು ನೆನಪಾಯಿತು, ಗಿರಿಜೆ ಆಟೋದಲ್ಲಿ ಸುಮ್ಮನೆ ಕೂತಿದ್ದದ್ದು ನೆನಪಾಯಿತು. ಒಂದರಿಂದ ಏನಾಗುತ್ತದೆ ಎಂದು ಎಲ್ಲಕ್ಕೂ ಒಂದೇ ಉತ್ತರ ಕೊಟ್ಟೆ. ಸಂಜಯನಗರದಲ್ಲಿ ಆಗದು, ಮತ್ತಿಕೆರೆಯಲ್ಲಿ ಆಗದು. ನನ್ನ ಮುಖ ಕಾಣದ ಊರಿಗೆ ಹೋಗಬೇಕು. ಬಸ್ಸು ಹತ್ತಿ ಯಶವಂತಪುರಕ್ಕೆ ಹೋದೆ. ಅದು ಪಕ್ಕದಲ್ಲೇ ಇದೆ, ಆದರೆ ನಾನು ಹೋದ ರೀತಿ ದೇಶಾಂತರ ಹೊರಟವನ ಹಾಗಿತ್ತು. ಮಾರುಕಟ್ಟೆಯ ಯಾರ್ಡಿನೊಳಗೆ, ಈರುಳ್ಳಿ ಲಾರಿಗಳ ಹಿಂದೆ, ಒಂದು ಸಣ್ಣ ಟೀ ಅಂಗಡಿ. ಹಮಾಲರು, ಲಾರಿಯವರು. ಯಾರೂ ನನ್ನನ್ನು ನೋಡಲಿಲ್ಲ. ಒಂದೇ ಒಂದು ಸಿಗರೇಟು ಕೊಂಡೆ. ತುಟಿಗಿಟ್ಟುಕೊಂಡಾಗ ಬಹಳ ದಿನದ ಮೇಲೆ ಬೆರಳುಗಳಿಗೆ ಕೆಲಸ ಸಿಕ್ಕಿತು. ಕಂಬಕ್ಕೆ ದಾರ ಕಟ್ಟಿ ನೇತುಬಿಟ್ಟಿದ್ದ ಲೈಟರಿನ ಹತ್ತಿರ ಹೋದೆ. ನನಗಿಂತ ಮುಂದೆ ಒಬ್ಬರು ಬೆನ್ನು ಹಾಕಿ ಹಚ್ಚಿಕೊಳ್ಳುತ್ತಿದ್ದರು. ಹಚ್ಚಿಕೊಂಡು, ಲೈಟರನ್ನು ನನಗೆ ಕೊಡಲು ತಿರುಗಿದರು.

ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ.

"ಸಾ," ಎಂದರು ಮುನೇಗೌಡರು.

"ಗೌಡ್ರೇ," ಎಂದೆ ನಾನು. ತುಟಿಯಲ್ಲಿದ್ದ ಸಿಗರೇಟು ಮಾತಿನ ಜೊತೆಗೆ ಕುಣಿಯಿತು.

ನನ್ನನ್ನು ವೇದಿಕೆಗೆ ಹತ್ತಿಸಿದ ಮನುಷ್ಯ ಕದ್ದು ಸೇದುತ್ತಿರುವುದನ್ನು ಕಂಡು ನನಗೆ ಖುಷಿಯಾಗಬೇಕಿತ್ತು. ಆಗುವುದರಲ್ಲಿತ್ತು ಕೂಡ. ಆದರೆ ಗೌಡರು ತಮ್ಮ ಕೈಯನ್ನು ಹಿಂದೆ ಮುಚ್ಚಿಟ್ಟುಕೊಳ್ಳಲಿಲ್ಲ. ಅವರು ನನ್ನ ಸಿಗರೇಟನ್ನೇ ನೋಡುತ್ತಿದ್ದರು.

"ಅಚ್ಚಿದ್ರಾ ಸಾ?"

"ಇನ್ನೂ ಇಲ್ಲ."

"ಅಚ್ಬೇಡಿ ಸಾ. ನಿಮ್ ಕಾಲ್ ಮುಗಿತೀನಿ, ಅಚ್ಬೇಡಿ." ಲೈಟರನ್ನು ಕೈಯಿಂದ ಬಿಡಲೇ ಇಲ್ಲ. ಲಾರಿಯವನೊಬ್ಬ ಬಂದು ಬೆಂಕಿ ಕೇಳಿದ, ಅವನಿಗೂ ಕೊಡಲಿಲ್ಲ.

ಆಮೇಲೆ ಈರುಳ್ಳಿ ಮೂಟೆಯೊಂದರ ಮೇಲೆ ಕೂತು ಹೇಳಿದರು. ಅವರ ಅಣ್ಣ ಎದೆರೋಗದಲ್ಲಿ ತೀರಿಕೊಳ್ಳುವ ಹೊತ್ತಿನಲ್ಲಿ, ಇನ್ನು ಮುಟ್ಟುವುದಿಲ್ಲವೆಂದು ಅಣ್ಣನ ಕೈ ಹಿಡಿದು ಮಾತು ಕೊಟ್ಟಿದ್ದರಂತೆ. ಮನೆಯಲ್ಲಿ ಎಲ್ಲರೂ ಬಿಟ್ಟಿದ್ದಾರೆಂದೇ ತಿಳಿದಿದ್ದಾರೆ. "ಆರ್ ವರ್ಸ ಆಯ್ತು ಸಾ. ನಾಕ್ ದಿನ, ಐದ್ ದಿನ, ಅದ್ರ ಮೇಲ್ ತಡ್ಕಳಕ್ಕಾಗಲ್ಲ. ಇಲ್ಲಿಗ್ ಬಂದು ಸೇದಿ, ಬಾಯ್ ತೊಳ್ಕಂಡು ಓಗ್ತೀನಿ. ಆವತ್ತು ನೀವು ಅನ್ನೆರಡು ದಿನ ಅಂದ್ರಲ್ಲ, ನನ್ ಎದೆ ಜಲ್ ಅಂತು. ಬೆಳ್ಗೆದ್ದು ಗೇಟ್ ತಗ್ದ ತಕ್ಷಣ ನಿಮ್ ಮೊಖ ಕಾಣ್ಬೇಕು, ಅಂಗಾದ್ರೂ ನಂಗೆ ದೈರ್ಯ ಬತ್ತದೆ ಅಂತ ಅಲ್ಲಿ ಕಟ್ಟಿಸ್ದೆ. ಓಟಿಗಲ್ಲ ಸಾ ಅದು."

ನನಗೆ ನಾಚಿಕೆಯಾಯಿತು. ಸಿಕ್ಕಿಬಿದ್ದದ್ದಕ್ಕಲ್ಲ, ಆ ಮನುಷ್ಯನ ಕೈಕುಲುಕುವಿಕೆಯನ್ನು ಮತ ಕೇಳುವ ಅಭ್ಯಾಸ ಎಂದುಕೊಂಡಿದ್ದಕ್ಕೆ. ನನ್ನ ಸಿಗರೇಟನ್ನು ಅವರ ಕೈಗೆ ಕೊಟ್ಟೆ. ಅವರು ತಮ್ಮದನ್ನೂ ಅದನ್ನೂ ಟೀಯ ಲೋಟದೊಳಗೆ ಅದ್ದಿಬಿಟ್ಟರು. ಟೀ ಅಂಗಡಿಯವನು ಲೋಟ ತೊಳೆಯುವವರು ಯಾರು ಎಂದು ಕೂಗಾಡಿದ. ನಾವು ಗೌಡರ ಕಾರಿನಲ್ಲಿ ಮನೆಗೆ ಬಂದೆವು, ಓಣಿ ಶುರುವಾಗುವಲ್ಲಿ ನಾನು ಒಬ್ಬನೇ ಇಳಿದು ನಡೆದೆ. ಒಟ್ಟಿಗೆ ಬಂದರೆ ಯಾರಾದರೂ ಏನಾದರೂ ತಿಳಿದುಕೊಂಡಾರು ಎಂದು ಇಬ್ಬರಿಗೂ ಅನ್ನಿಸಿತ್ತು.

ಕಾರಿನಲ್ಲೇ ಒಂದು ಒಪ್ಪಂದವಾಯಿತು, ಗೌಡರದ್ದೇ ಉಪಾಯ. "ಫೋನ್ ಮಾಡಿ ಮಾತಾಡದು ಬ್ಯಾಡ ಸಾ. ಮಾತಾಡಿದ್ರೆ ಬಾಯಿಗ್ ಸುಳ್ ಬತ್ತದೆ. ಬರೀ ಮಿಸ್ಡ್ ಕಾಲ್. ಅನ್ನೊಂದಕ್ ಒಂದು, ನಾಕಕ್ ಒಂದು. ಸೇದಿಲ್ಲ ಅಂದ್ರೆ ಒಂದ್ ರಿಂಗು, ಕಟ್. ಸೇದಿದ್ರೆ ಸುಮ್ನಿರದು." ಅಂದಿನಿಂದ ಹನ್ನೊಂದಕ್ಕೆ ನನ್ನ ಜೇಬಿನಲ್ಲಿ ಫೋನು ಒಮ್ಮೆ ಮಿಡಿದು ನಿಲ್ಲುತ್ತದೆ, ನಾನೂ ಒಂದು ರಿಂಗು ಕೊಟ್ಟು ನಿಲ್ಲಿಸುತ್ತೇನೆ. ಸುಳ್ಳು ರಿಂಗು ಕೊಡಬಹುದಿತ್ತು, ಯಾಕೋ ಇಬ್ಬರೂ ಕೊಡಲಿಲ್ಲ. "ನಾಕು ಬಿಲ್ಡಿಂಗ್ ಇದ್ದಾವ್ರು, ಒಂದ ರಿಂಗಿಗೆ ಕಟ್ ಮಾಡ್ತಾರಲ್ರಿ. ಎಷ್ಟು ಜುಗ್ಗ ಇರ್ಬೇಕು," ಎಂದಳು ಗಿರಿಜೆ. ನಾನು ಬಿಡಿಸಿ ಹೇಳಲಿಲ್ಲ. ಗೌಡರ ಗುಟ್ಟು ಗೌಡರದ್ದು. ಇಲ್ಲಿ ಬರೆಯುವಾಗಲೂ ಅವರ ಹೆಸರು ಬದಲಿಸಿದ್ದೇನೆ, ಬಿಳಿ ಬಟ್ಟೆಯವರು ನಮ್ಮ ಕಡೆ ಬಹಳ ಜನ ಇದ್ದಾರೆ.

ಮಳೆಬಿಸಿಲಿಗೆ ಫ್ಲೆಕ್ಸು ಹರಿದು ಯಾವಾಗಲೋ ಬಿತ್ತು. ನನ್ನ ಕಾಲು ಉಳಿಯಿತು. ಮುಂದಿನ ವರ್ಷ ಡಾಕ್ಟರು ನಾಡಿ ಹಿಡಿದು, ಪರವಾಗಿಲ್ಲ ಎಂದರು. ಗೌಡರಿಗೆ ನನ್ನಷ್ಟು ಸಲೀಸಾಗಲಿಲ್ಲ. ಮೂರು ಸಲ ಜಾರಿದರು. ಮೂರನೆಯ ಸಲ ಜಾರಿದಾಗ ಇಪ್ಪತ್ತು ದಿನ ಫೋನು ಮಿಡಿಯಲಿಲ್ಲ. ಗೇಟಿನಲ್ಲಿ ಸಿಕ್ಕರೆ ನೆಲ ನೋಡುತ್ತಿದ್ದರು. ಆಗ ನಾನೇನು ಮಾಡಿದೆ ಗೊತ್ತೆ? ಶ್ವಾಸಕೋಶದ ಮೇಲಿನ ಒಂದು ಲೇಖನವನ್ನು ಲೈಬ್ರರಿಯಲ್ಲಿ ಜೆರಾಕ್ಸ್ ಮಾಡಿಸಿಕೊಂಡು ಅವರ ಮನೆಗೆ ಹೋದೆ. ಸೋಫಾದಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು, "ಸ್ವಲ್ಪ ವಿಲ್ ಪವರ್ ಬೇಕು ಗೌಡ್ರೇ. ನೋಡಿ, ನನಗೀಗ ಅದರ ನೆನಪೂ ಬರಲ್ಲ," ಎಂದೆ. ಗೌಡರು ಜೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ ಬಿಳಿ ಜೇಬಿಗಿಟ್ಟುಕೊಂಡರು. "ಓದ್ತೀನಿ ಸಾ," ಎಂದರು. ಮೆಟ್ಟಿಲಿಳಿಯುವಾಗ ನನ್ನ ಮಾತು ನನಗೇ ಕೇಳಿಸಿತು, ಶಿವಸ್ವಾಮಿಯ ಧ್ವನಿಯಲ್ಲಿ. ಆದರೂ ತಿರುಗಿ ಹೋಗಿ ಸರಿಪಡಿಸಲಿಲ್ಲ. ಮಾದರಿಯಾಗಿರುವುದು ಹಿತವಾಗಿತ್ತು. ಮತ್ತೆ ಅವರೇ ಎದ್ದು ನಿಂತರು, ಸೇದದೆ ಇದೀಗ ಎಂಟು ತಿಂಗಳಾಗಿತ್ತು.

ಈ ಭಾನುವಾರ ಕರಿಬೇವು ತಂದುಕೊಟ್ಟು, ಊಟ ಮಾಡಿ, ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ನಾಲ್ಕಕ್ಕೆ ಫೋನು ಮಿಡಿಯಿತು. ಒಂದು ರಿಂಗು. ನಿಲ್ಲಲಿಲ್ಲ. ಎರಡು, ಮೂರು. ನಾಲ್ಕು ವರ್ಷದಲ್ಲಿ ಮೊದಲ ಸಲ ಅದನ್ನು ಎತ್ತಿದೆ.

"ಸಾ, ಬಸ್‌ಸ್ಟಾಪ್ ಅಂಗ್ಡಿ ತಾವ ಇವ್ನಿ. ತಗಂಡ್ಬುಟ್ಟಿವ್ನಿ. ಇನ್ನೂ ಅಚ್ಚಿಲ್ಲ."

"ಅಲ್ಲೇ ಇರಿ, ಬಂದೆ," ಎಂದೆ. ಕೊಡೆ ಮರೆತು ಹೊರಟೆ.

ಗೌಡರು ಅಂಗಡಿಯ ಸೂರಿನ ಕೆಳಗೆ ನಿಂತಿದ್ದರು. ಬಿಳಿ ಅಂಗಿಯ ಭುಜ ನೆನೆದಿತ್ತು. ಸಿಗರೇಟು ಬೆರಳ ನಡುವೆ. ಏನಾಯಿತು, ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದೆ. "ಏನೂ ಇಲ್ಲ ಸಾ. ಮಳೆ ಬತ್ತಿತ್ತು, ಟೀ ಕುಡುದೆ, ಕೈ ತಾನೇ ಓಯ್ತು," ಎಂದರು. ಸಿಗರೇಟನ್ನು ಬೆರಳಲ್ಲೇ ಉರುಳಿಸುತ್ತ, "ಏನಾರ ಏಳಿ ಸಾ," ಎಂದರು.

ಹೇಳುವುದಕ್ಕೆ ಏನು ಕಡಿಮೆ? ನನ್ನ ಹತ್ತಿರ ಒಂದು ಇಡೀ ಭಾಷಣವಿತ್ತು, ಚಪ್ಪಾಳೆ ಗಿಟ್ಟಿಸಿದ್ದು. ಬಾಯಿ ತೆರೆದೆ. ತಂಬಾಕಿನ ವಾಸನೆ ಮಳೆಯ ಗಾಳಿಯಲ್ಲಿ ಹತ್ತಿರದಿಂದ ಬಂತು.

"ನನಗೂ ಬೇಕು ಅನ್ನಿಸ್ತಿದೆ ಗೌಡ್ರೇ," ಎಂದೆ.

"ಈಗಾ?"

"ಈಗ. ನಿಮ್ ಕೈಲಿರೋದು ನೋಡಿದ್ಮೇಲೆ ಜಾಸ್ತಿ ಆಗ್ತಿದೆ."

"ನಾಕ್ ವರ್ಸ ಆದ್ಮೇಲೂ?"

"ನಾಲ್ಕು ವರ್ಷ ಆದ್ಮೇಲೂ. ಮೊನ್ನೆ ಅನ್ನಿಸ್ತು. ಹೋದ ವಾರ ಪುಸ್ತಕಕ್ಕೆ ಸೀಲ್ ಹಾಕ್ತಾ ಇದ್ದಾಗ ಅನ್ನಿಸ್ತು. ನೆನಪೇ ಬರಲ್ಲ ಅಂದಿದ್ನಲ್ಲ, ಅದು ಸುಳ್ಳು."

ಗೌಡರು ನನ್ನ ಮುಖವನ್ನೇ ನೋಡುತ್ತ ನಿಂತರು. ಸಿಟ್ಟು ಬಂತೋ ಏನೋ, ಧ್ವನಿ ಏರಿತು. "ಮತ್ಯಾಕ್ ಸಾ ಒಂದಿನಾನೂ ಏಳ್ಲಿಲ್ಲ? ನನ್ನೊಬ್ಬಂಗೇ ಇಂಗಾಯ್ತದೆ, ನಾನೇ ಸರಿ ಇಲ್ಲ, ಅನ್ಕಂಡಿದ್ನಲ್ಲ ಇಷ್ಟ್ ದಿನ."

ಅವರು ಸಿಗರೇಟನ್ನು ಮುರಿದು ಸೂರಿನ ನೀರಿಗೆ ಹಾಕಿದರು. ಅವರ ಕೈ ಖಾಲಿಯಾಯಿತು, ನನ್ನದು ಮೊದಲೇ ಖಾಲಿಯಿತ್ತು. ಮಳೆ ಜೋರಾಯಿತು.

"ಐದ್ ನಿಮ್ಸ ಇಲ್ಲೇ ಇರಿ ಸಾ, ಓಗ್ಬೇಡಿ," ಎಂದರು.

ನಿಂತೆ.